ಯೀಸ್ಟ್ ಮಣಿಗಳ ಕಾಲಂ: ಪುಟ್ಟ ಪ್ಯಾಕ್ಡ್ ಬೆಡ್ ರಿಯಾಕ್ಟರ್ ಕಟ್ಟಿ ನಡೆಸುವುದು ಹೇಗೆ

ಕಿಣ್ವ ದುಬಾರಿ. ಅದನ್ನು ಸಕ್ಕರೆ ನೀರಿಗೆ ನೇರವಾಗಿ ಕಲಸಿಬಿಟ್ಟರೆ ಕೆಲಸ ಮುಗಿದ ಮೇಲೆ ವಾಪಸ್ ಸಿಗುವುದಿಲ್ಲ. ಅದೇ ಕಿಣ್ವವನ್ನು, ಇಲ್ಲವೇ ಕಿಣ್ವವಿರುವ ಜೀವಕೋಶವನ್ನೇ, ಮಣಿಯೊಳಗೆ ಹಿಡಿದಿಟ್ಟು ಕೊಳವೆಯಲ್ಲಿ ತುಂಬಿದರೆ ಕಥೆ ಬೇರೆ. ದ್ರವ ಮಾತ್ರ ಹರಿದು ಹೋಗುತ್ತದೆ, ಕಿಣ್ವ ಇದ್ದಲ್ಲೇ ಇರುತ್ತದೆ. ಒಂದು ತುದಿಯಿಂದ ಸಕ್ಕರೆ ನೀರು ಬಿಟ್ಟರೆ ಇನ್ನೊಂದು ತುದಿಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಬರುತ್ತದೆ, ದಿನಗಟ್ಟಲೆ. ಇದೇ ಪ್ಯಾಕ್ಡ್ ಬೆಡ್ ರಿಯಾಕ್ಟರ್. ಆ ಕೊಳವೆಯೇ ಕಾಲಂ, ಅದರೊಳಗೆ ತುಂಬಿದ ಮಣಿಗಳ ರಾಶಿಯೇ ಬೆಡ್.

ಇದರ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕೆಲಸ ಇದೆ. ಇನ್ವರ್ಟೇಸ್ ಕಿಣ್ವ ಇದ್ದಿಲಿಗೆ ಅಂಟಿಕೊಂಡ ಮೇಲೂ ಸಕ್ಕರೆ ಒಡೆಯುತ್ತದೆ ಎಂದು ನೆಲ್ಸನ್ ಮತ್ತು ಗ್ರಿಫಿನ್ 1916ರಲ್ಲೇ ತೋರಿಸಿದ್ದರು. ಕಾರ್ಖಾನೆಗೆ ಬಂದದ್ದು 1969ರಲ್ಲಿ. ಜಪಾನಿನ ತನಾಬೆ ಸೆಯಾಕು ಕಂಪನಿಯಲ್ಲಿ ಇಚಿರೊ ಚಿಬಾಟ ಮತ್ತು ಜೊತೆಗಾರರು ಅಮೈನೋಅಸೈಲೇಸ್ ಕಿಣ್ವವನ್ನು ಕಾಲಂನಲ್ಲಿ ತುಂಬಿ ಅಮೈನೋ ಆಮ್ಲ ತಯಾರಿಸತೊಡಗಿದರು. 1973ರಲ್ಲಿ ಅದೇ ತಂಡ ಇ. ಕೋಲಿ ಬ್ಯಾಕ್ಟೀರಿಯಾದ ಜೀವಕೋಶಗಳನ್ನೇ ಜೆಲ್‌ನಲ್ಲಿ ಹಿಡಿದಿಟ್ಟು ಆಸ್ಪಾರ್ಟಿಕ್ ಆಮ್ಲ ಮಾಡಿತು. ಇವತ್ತು ಮೆಕ್ಕೆಜೋಳದಿಂದ ಫ್ರಕ್ಟೋಸ್ ಸಿರಪ್ ತಯಾರಾಗುವುದೂ ಇಂಥ ಕಾಲಂಗಳಲ್ಲೇ.

ನಮ್ಮ ಕಾಲೇಜುಗಳಲ್ಲಿ ಇದರ ಸಮೀಕರಣಗಳನ್ನು ಪರೀಕ್ಷೆಗೆ ಬರೆಯುತ್ತೇವೆ. ಕೈಯಾರೆ ಒಂದನ್ನು ಕಟ್ಟಿ ನಡೆಸುವುದು ಕಡಿಮೆ. ಆದರೆ ಇದಕ್ಕೆ ದೊಡ್ಡ ದುಡ್ಡು ಬೇಡ. ಬೇಕರಿ ಯೀಸ್ಟ್, ಸೋಡಿಯಂ ಆಲ್ಜಿನೇಟ್, ಕ್ಯಾಲ್ಸಿಯಂ ಕ್ಲೋರೈಡ್, ಒಂದು ಗಾಜಿನ ಕಾಲಂ ಇದ್ದರೆ ಸಾಕು. ಆಲ್ಜಿನೇಟ್ ಎಂದರೆ ಕಡಲಪಾಚಿಯಿಂದ ಬರುವ ಪುಡಿ, ಅದರ ದ್ರಾವಣ ಕ್ಯಾಲ್ಸಿಯಂ ತಾಗಿದರೆ ಜೆಲ್ ಆಗಿ ಗಟ್ಟಿಯಾಗುತ್ತದೆ. ಯೀಸ್ಟ್‌ನಲ್ಲಿ ಇನ್ವರ್ಟೇಸ್ ಬೇಕಾದಷ್ಟಿದೆ. ಅದೂ ಜೀವಕೋಶದ ಪೊರೆಯ ಹೊರಗೆ, ಗೋಡೆಯ ಜಾಗದಲ್ಲಿ ಇದೆ. ಹಾಗಾಗಿ ಸಕ್ಕರೆ ಜೀವಕೋಶದ ಒಳಗೆ ಹೋಗಬೇಕಾಗಿಲ್ಲ, ಗೋಡೆಯಲ್ಲೇ ಒಡೆಯುತ್ತದೆ. ಮೊದಲ ಸಲ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಗೊತ್ತಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಲಂ ಸರಿಯಾಗಿ ಕೆಲಸ ಮಾಡದಿದ್ದಾಗ ಎಲ್ಲರೂ ಮೊದಲು ಅನುಮಾನ ಪಡುವುದು ಕಿಣ್ವದ ಮೇಲೆ. ಹೆಚ್ಚಿನ ಸಲ ತೊಂದರೆ ಇರುವುದು ಹರಿವಿನಲ್ಲಿ, ಇಲ್ಲವೇ ಒಳಗೆ ಬಿಡುವ ನೀರಿನಲ್ಲಿ. ಮುಂದಿನ ಹಂತಗಳಲ್ಲಿ ಆ ಎರಡರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಮೊದಲು ಕಾಗದದ ಮೇಲೆ ಲೆಕ್ಕ

ಕಾಲಂ ಆರಿಸುವ ಮುಂಚೆ ಮಣಿಯ ಗಾತ್ರ ತೀರ್ಮಾನಿಸಿ. ಇದು ಕಾಫಿ ಫಿಲ್ಟರ್‌ಗೆ ಪುಡಿ ಹಾಕಿದ ಹಾಗೆ: ತೀರಾ ನುಣ್ಣಗಿದ್ದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ದಪ್ಪಗಿದ್ದರೆ ನೀರು ಸುಮ್ನೆ ಇಳಿದು ಹೋಗುತ್ತದೆ, ರುಚಿ ಬಿಡುವುದಿಲ್ಲ. ಮಣಿ ಚಿಕ್ಕದಾದಷ್ಟೂ ಸಕ್ಕರೆ ಅದರ ನಡುಭಾಗದವರೆಗೂ ಬೇಗ ತಲುಪುತ್ತದೆ. ಆದರೆ ವ್ಯಾಸ ಅರ್ಧಕ್ಕೆ ಇಳಿದರೆ, ನಿಧಾನ ಹರಿವಿನಲ್ಲಿ, ಬೆಡ್‌ನ ಒತ್ತಡ ನಷ್ಟ, ಅಂದರೆ ದ್ರವವನ್ನು ಬೆಡ್ ಮೂಲಕ ತಳ್ಳಲು ಬೇಕಾದ ಒತ್ತಡ, ನಾಲ್ಕು ಪಟ್ಟಾಗುತ್ತದೆ. ಸಿರಿಂಜ್‌ನಿಂದ ಕೈಯಲ್ಲಿ ಹನಿಸಿದರೆ ಸಿಗುವುದು ಸುಮಾರು 3 ಮಿ.ಮೀ. ಮಣಿ. ಶುರುವಿಗೆ ಅದೇ ಸಾಕು.

ಕಾಲಂನ ಒಳ ವ್ಯಾಸ ಮಣಿಯ ವ್ಯಾಸದ ಕನಿಷ್ಠ 10 ಪಟ್ಟು ಇರಲಿ. ಗೋಡೆಯ ಪಕ್ಕದಲ್ಲಿ ಮಣಿಗಳು ಒತ್ತಾಗಿ ಕೂರುವುದಿಲ್ಲ, ಅಲ್ಲಿ ಸಂದಿ ಜಾಸ್ತಿ. ಕೊಳವೆ ಕಿರಿದಾದರೆ ದ್ರವದ ದೊಡ್ಡ ಪಾಲು ಗೋಡೆಯ ಪಕ್ಕದಿಂದಲೇ ಜಾರಿ ಹೋಗುತ್ತದೆ, ಮಣಿಯನ್ನು ಸರಿಯಾಗಿ ಮುಟ್ಟುವುದೇ ಇಲ್ಲ. 3 ಮಿ.ಮೀ. ಮಣಿಗೆ 30 ಮಿ.ಮೀ. ಕಾಲಂ ಆಗಬೇಕು.

ಈಗ ಬೆಡ್‌ನ ಎತ್ತರ 20 ಸೆಂ.ಮೀ. ಅಂದುಕೊಳ್ಳೋಣ. ಅಡ್ಡಕೊಯ್ತದ ವಿಸ್ತೀರ್ಣ 7.07 ಚದರ ಸೆಂ.ಮೀ., ಬೆಡ್‌ನ ಗಾತ್ರ ಸುಮಾರು 141 ಮಿ.ಲೀ. ಗುಂಡು ಮಣಿಗಳನ್ನು ತುಂಬಿದಾಗ ಸುಮಾರು ಶೇ. 40 ಜಾಗ ಸಂದಿಯಾಗಿ ಉಳಿಯುತ್ತದೆ. ಅಂದರೆ ದ್ರವಕ್ಕೆ 56 ಮಿ.ಲೀ., ಮಣಿಗಳಿಗೆ 85 ಮಿ.ಲೀ. ನಿಮಿಷಕ್ಕೆ 2 ಮಿ.ಲೀ. ಹರಿಸಿದರೆ ದ್ರವ ಸಂದಿಗಳಲ್ಲಿ ಸುಮಾರು 28 ನಿಮಿಷ ಇರುತ್ತದೆ. ಖಾಲಿ ಕೊಳವೆಯ ಲೆಕ್ಕದಲ್ಲಾದರೆ 70 ನಿಮಿಷ. ವರದಿ ಬರೆಯುವಾಗ ಇವೆರಡರಲ್ಲಿ ಯಾವುದನ್ನು ಹೇಳುತ್ತಿದ್ದೀರಿ ಎಂದು ತಪ್ಪದೆ ಬರೆಯಿರಿ. ಇದನ್ನು ಹೇಳದೆ ಬಿಟ್ಟ ವರದಿಯನ್ನು ಬೇರೆಯವರ ಫಲಿತಾಂಶದ ಜೊತೆ ಹೋಲಿಸಲು ಆಗುವುದಿಲ್ಲ.

3 ಮಿ.ಮೀ. ಮಣಿಯೊಂದರ ಗಾತ್ರ 0.014 ಮಿ.ಲೀ. ಆದ್ದರಿಂದ 85 ಮಿ.ಲೀ.ಗೆ ಸುಮಾರು 6,000 ಮಣಿ ಬೇಕು. ಒಂದೇ ಸಿರಿಂಜ್‌ನಲ್ಲಿ ಸೆಕೆಂಡಿಗೆ ಒಂದು ಹನಿ ಬಿಟ್ಟರೂ ಒಂದೂವರೆ ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಇಬ್ಬರು ಮೂವರು ಕೂತು ಮಾಡಿ, ಇಲ್ಲವೇ ಪೆರಿಸ್ಟಾಲ್ಟಿಕ್ ಪಂಪ್‌ಗೆ (ಮೆತ್ತನೆಯ ಕೊಳವೆಯನ್ನು ಹಿಸುಕುತ್ತ ದ್ರವ ತಳ್ಳುವ ಪಂಪ್) ಸೂಜಿ ಜೋಡಿಸಿ.

ಒತ್ತಡದ ಬಗ್ಗೆ ಈ ಗಾತ್ರದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಕೊಜೆನಿ-ಕಾರ್ಮನ್ ಸೂತ್ರದಲ್ಲಿ ಈ ಅಂಕಿಗಳನ್ನು ಹಾಕಿದರೆ ಒತ್ತಡ ನಷ್ಟ 1 ಪಾಸ್ಕಲ್‌ನ ಆಸುಪಾಸು ಬರುತ್ತದೆ. ಅದು ಏನೂ ಅಲ್ಲ. ಕಾಲಂ ಮೀಟರ್‌ಗಟ್ಟಲೆ ಎತ್ತರವಾಗಿ, ಮಣಿ ಅರ್ಧ ಮಿ.ಮೀ.ಗೆ ಇಳಿದು, ಗಟ್ಟಿ ಸಿರಪ್ ಹರಿಯುವಾಗ ಮಾತ್ರ ಅದು ದೊಡ್ಡ ವಿಷಯ. ಆಗ ಆಲ್ಜಿನೇಟ್‌ನಂಥ ಮೆತ್ತನೆಯ ಮಣಿ ಚಪ್ಪಟೆಯಾಗುತ್ತದೆ, ಸಂದಿ ಮುಚ್ಚುತ್ತದೆ, ಒತ್ತಡ ಇನ್ನೂ ಏರುತ್ತದೆ. ಕಾರ್ಖಾನೆಯವರು ಗಟ್ಟಿ ಕಣಗಳನ್ನು ಹುಡುಕುವುದು ಇದಕ್ಕೇ.

ಮಣಿ ಮಾಡುವುದು

ಇಲ್ಲಿ ಎಲ್ಲದಕ್ಕೂ ಡಿಸ್ಟಿಲ್ಡ್ ವಾಟರ್ ಬಳಸಿ. ನಲ್ಲಿ ನೀರು ಬೇಡ, ಬೋರ್‌ವೆಲ್ ನೀರು ಖಂಡಿತ ಬೇಡ. ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿಯೇ ಇರುತ್ತದೆ. ಆಲ್ಜಿನೇಟ್ ಕರಗುವ ಮುಂಚೆಯೇ ಅಲ್ಲಲ್ಲಿ ಗಂಟು ಕಟ್ಟುತ್ತದೆ, ಆಮೇಲೆ ಸೂಜಿ ಕಟ್ಟಿಕೊಳ್ಳುತ್ತದೆ.

90 ಮಿ.ಲೀ. ನೀರನ್ನು ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ಜೋರಾಗಿ ತಿರುಗಿಸಿ. 2.7 ಗ್ರಾಂ ಸೋಡಿಯಂ ಆಲ್ಜಿನೇಟನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಂದೇ ಸಲ ಸುರಿದರೆ ಹೊರಗೆ ಅಂಟು, ಒಳಗೆ ಒಣ ಪುಡಿ ಇರುವ ಉಂಡೆಗಳಾಗುತ್ತವೆ. ಅವನ್ನು ಬಿಡಿಸುವುದು ತುಂಬ ಕಷ್ಟ. ಕರಗಿದ ಮೇಲೆ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಮೇಲೆ ಬಂದು ಹೋಗುತ್ತವೆ. ಗುಳ್ಳೆ ಇರುವ ದ್ರಾವಣದಿಂದ ಮಾಡಿದ ಮಣಿ ನೀರಿನಲ್ಲಿ ತೇಲುತ್ತದೆ, ಕಾಲಂಗೆ ಬಾರದು.

6 ಗ್ರಾಂ ಒಣ ಬೇಕರಿ ಯೀಸ್ಟನ್ನು ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ಹತ್ತು ನಿಮಿಷ ನೆನೆಸಿ. ಸೆಂಟ್ರಿಫ್ಯೂಜ್ ಇದ್ದರೆ ಎರಡು ಸಲ ತೊಳೆಯಿರಿ. ಇಲ್ಲದಿದ್ದರೆ ಫ್ರಿಜ್‌ನಲ್ಲಿ ತಳ ಕೂರಿಸಿ ಮೇಲಿನ ನೀರು ಚೆಲ್ಲಿ. ಒಣಗಿಸುವಾಗ ಒಡೆದ ಜೀವಕೋಶಗಳಿಂದ ಬಿಡುಗಡೆಯಾದ ಕಿಣ್ವ ಈ ನೀರಿನಲ್ಲಿರುತ್ತದೆ. ಅದನ್ನು ಈಗ ತೊಳೆಯದಿದ್ದರೆ ಆಮೇಲೆ ಮಣಿಯಿಂದ ಸೋರಿ ನಿಮ್ಮ ಅಳತೆಯನ್ನೆಲ್ಲ ಕೆಡಿಸುತ್ತದೆ. ತೊಳೆದ ಯೀಸ್ಟನ್ನು 30 ಮಿ.ಲೀ. ನೀರಿನಲ್ಲಿ ಕಲಕಿ.

ಈಗ ಒಂದು ಮುಖ್ಯ ಕೆಲಸ. ಬದುಕಿರುವ ಯೀಸ್ಟ್ ಸಕ್ಕರೆ ಒಡೆಯುವುದಷ್ಟೇ ಅಲ್ಲ, ಹುದುಗಿಸುತ್ತದೆ ಕೂಡ. ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಎದ್ದು ಬೆಡ್ ಬಿರುಕು ಬಿಡುತ್ತದೆ, ನಿಮ್ಮ ಗ್ಲೂಕೋಸೂ ಖಾಲಿಯಾಗುತ್ತದೆ. ಇನ್ವರ್ಟೇಸ್ ಮಾತ್ರ ಬಿಸಿಗೆ ಚೆನ್ನಾಗಿ ತಡೆಯುತ್ತದೆ. ಈ ವ್ಯತ್ಯಾಸವನ್ನೇ ಬಳಸಿಕೊಳ್ಳಬೇಕು. ಯೀಸ್ಟ್ ಕಲಕವನ್ನು 55 ಡಿಗ್ರಿ ಸೆಲ್ಸಿಯಸ್ ವಾಟರ್ ಬಾತ್‌ನಲ್ಲಿ ಅರ್ಧ ಗಂಟೆ ಇಡಿ. ಒಂದೆರಡು ಮಿ.ಲೀ. ತೆಗೆದು ಸಕ್ಕರೆ ನೀರಿಗೆ ಹಾಕಿ ಒಂದು ಗಂಟೆ ಕಾಯಿರಿ. ಗುಳ್ಳೆ ಬಂದರೆ ಇನ್ನೂ ಹತ್ತು ನಿಮಿಷ ಬಿಸಿ ಮಾಡಿ.

ತಣಿದ ಯೀಸ್ಟನ್ನು ಆಲ್ಜಿನೇಟ್‌ಗೆ ಸೇರಿಸಿ ನಿಧಾನವಾಗಿ ಕಲಸಿ. ಸುಮಾರು 120 ಮಿ.ಲೀ. ಸಿಗುತ್ತದೆ. ಬೇಕಾದ್ದು 85 ಮಿ.ಲೀ. ಆದರೂ ಇಷ್ಟು ಮಾಡುವುದಕ್ಕೆ ಕಾರಣ ಇದೆ: ಗಟ್ಟಿಯಾಗುವಾಗ ಮಣಿ ನೀರು ಬಿಟ್ಟು ಕುಗ್ಗುತ್ತದೆ, ಮತ್ತು ಪರೀಕ್ಷೆಗೆ ಸ್ವಲ್ಪ ಮಣಿ ಬೇಕು.

ಅಗಲವಾದ ಬೀಕರ್‌ನಲ್ಲಿ 0.2 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ತೆಗೆದುಕೊಳ್ಳಿ. ಡೈಹೈಡ್ರೇಟ್ ರೂಪದಲ್ಲಿ ಅದು ಲೀಟರಿಗೆ 29.4 ಗ್ರಾಂ. ಮೆಲ್ಲಗೆ ತಿರುಗಿಸುತ್ತ 10–15 ಸೆಂ.ಮೀ. ಎತ್ತರದಿಂದ ಹನಿಸಿ. ತೀರಾ ಹತ್ತಿರದಿಂದ ಬಿಟ್ಟರೆ ಮಣಿಗೆ ಬಾಲ ಬರುತ್ತದೆ, ತೀರಾ ಎತ್ತರದಿಂದ ಬಿಟ್ಟರೆ ಚಪ್ಪಟೆಯಾಗುತ್ತದೆ. ಬಾಲದ ಮಣಿಗಳು ಬೆಡ್‌ನಲ್ಲಿ ಓರೆಕೋರೆಯಾಗಿ ಕೂತು ಸಂದಿಯನ್ನು ಅಡ್ಡಾದಿಡ್ಡಿ ಮಾಡುತ್ತವೆ. ಅವನ್ನು ಆರಿಸಿ ತೆಗೆಯಿರಿ. ಎರಡು ಗಂಟೆ ಗಟ್ಟಿಯಾಗಲು ಬಿಡಿ, ಆಮೇಲೆ ತೊಳೆಯಿರಿ. ಒಂದಿಪ್ಪತ್ತು ಮಣಿಗಳನ್ನು ಸಾಲಾಗಿಟ್ಟು ಸ್ಕೇಲ್‌ನಲ್ಲಿ ಉದ್ದ ಅಳೆದು ಸರಾಸರಿ ವ್ಯಾಸ ಬರೆದಿಡಿ.

ಯೀಸ್ಟ್ ಇಲ್ಲದ ಬರೀ ಆಲ್ಜಿನೇಟ್ ಮಣಿಗಳನ್ನೂ ಒಂದಿಷ್ಟು ಮಾಡಿ. ಹೋಲಿಕೆಗೆ ಬೇಕಾಗುತ್ತವೆ.

ಒಳಗೆ ಬಿಡುವ ದ್ರಾವಣ

ಲೀಟರಿಗೆ 50 ಗ್ರಾಂ ಸಕ್ಕರೆ, 0.05 ಮೋಲಾರ್ ಅಸಿಟೇಟ್ ಬಫರ್, ಪಿಎಚ್ 4.8, ಜೊತೆಗೆ 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್. ಒಂದು ದಿನಕ್ಕೆ ಸುಮಾರು 3 ಲೀಟರ್ ಬೇಕು.

ಬಫರ್, ಅಂದರೆ ಪಿಎಚ್ ಬದಲಾಗದಂತೆ ನೋಡಿಕೊಳ್ಳುವ ದ್ರಾವಣ. ಅದರ ವಿಷಯದಲ್ಲಿ ರಾಜಿ ಬೇಡ. ಪ್ರಯೋಗಾಲಯದಲ್ಲಿ ಸುಲಭವಾಗಿ ಸಿಗುವುದು ಫಾಸ್ಫೇಟ್ ಬಫರ್, ಸಿಟ್ರೇಟ್ ಬಫರ್. ಎರಡೂ ಇಲ್ಲಿ ವಿಷ. ಅವು ಮಣಿಯಿಂದ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತವೆ. ಮಣಿ ಮೊದಲು ಊದುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಕರಗಿ ಹೋಗುತ್ತದೆ. ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ಇಡಿಟಿಎ ಕೂಡ ಹಾಗೇ. ದ್ರಾವಣದಲ್ಲಿ ಸ್ವಲ್ಪ ಕ್ಯಾಲ್ಸಿಯಂ ಹಾಕುವುದು ಮಣಿ ತನ್ನದನ್ನು ಕಳೆದುಕೊಳ್ಳದಿರಲಿ ಎಂದು.

ಆದರೆ ಇದನ್ನು ಎಲ್ಲ ಕಾಲಂಗೂ ನಿಯಮ ಅಂದುಕೊಳ್ಳಬೇಡಿ. ಫ್ರಕ್ಟೋಸ್ ಸಿರಪ್ ಮಾಡುವ ಗ್ಲೂಕೋಸ್ ಐಸೋಮರೇಸ್‌ಗೆ ಕ್ಯಾಲ್ಸಿಯಂ ಆಗುವುದಿಲ್ಲ, ಮೆಗ್ನೀಷಿಯಂ ಬೇಕು. ಅಲ್ಲಿ ಸಿರಪ್ಪನ್ನು ಮೊದಲು ಇದ್ದಿಲು ಮತ್ತು ಅಯಾನ್ ಎಕ್ಸ್‌ಚೇಂಜ್ ಮೂಲಕ ಹಾಯಿಸಿ ಕ್ಯಾಲ್ಸಿಯಂ ತೆಗೆದೇ ಕಾಲಂಗೆ ಬಿಡುತ್ತಾರೆ. ಮಣಿಗೆ ಏನು ಬೇಕು, ಕಿಣ್ವಕ್ಕೆ ಏನು ಬೇಕು, ಎರಡನ್ನೂ ನೋಡಿ ದ್ರಾವಣ ಮಾಡಬೇಕು.

ಬಿಳಿ ಸಕ್ಕರೆಯನ್ನೇ ಬಳಸಿ. ಬೆಲ್ಲದಲ್ಲಿ ಮೊದಲೇ ಒಡೆದ ಸಕ್ಕರೆ ಇರುತ್ತದೆ, ಅಳತೆ ಗೊಂದಲವಾಗುತ್ತದೆ. ಆಟೋಕ್ಲೇವ್ (ಒತ್ತಡದ ಆವಿಯಲ್ಲಿ ಕ್ರಿಮಿಶುದ್ಧ) ಮಾಡುವುದಿದ್ದರೆ ಸಕ್ಕರೆ ನೀರು ಬೇರೆ, ಬಫರ್ ಬೇರೆ ಇಟ್ಟು ಮಾಡಿ, ತಣಿದ ಮೇಲೆ ಸೇರಿಸಿ. ಆಮ್ಲದಲ್ಲಿ ಬಿಸಿ ಮಾಡಿದರೆ ಸಕ್ಕರೆ ಕಿಣ್ವ ಇಲ್ಲದೆಯೇ ಒಡೆಯುತ್ತದೆ.

ಇನ್ನೊಂದು ವಿಷಯ ಸಾಂದ್ರತೆ. ಆಲ್ಜಿನೇಟ್ ಮಣಿ ನೀರಿಗಿಂತ ಸ್ವಲ್ಪವೇ ಭಾರ. ಗಟ್ಟಿ ಸಕ್ಕರೆ ಪಾಕ ಬಿಟ್ಟರೆ ಮಣಿಗಳೆಲ್ಲ ಮೇಲೆ ತೇಲುತ್ತವೆ. ಶೇ. 5ರಲ್ಲಿ ಈ ತೊಂದರೆ ಕಡಿಮೆ. ಆದರೂ ಬೆಡ್ ಮೇಲೆ ಜಾಲರಿ ಇಡಲೇಬೇಕು.

ತುಂಬುವುದು ಮತ್ತು ಹರಿಸುವುದು

ಕಾಲಂ ತಳಕ್ಕೆ ನೈಲಾನ್ ಜಾಲರಿ ಹಾಕಿ. ಮೂರನೇ ಒಂದು ಭಾಗದಷ್ಟು ತೆಳು ಕ್ಯಾಲ್ಸಿಯಂ ಕ್ಲೋರೈಡ್ ನೀರು ತುಂಬಿ. ಮಣಿಗಳನ್ನು ನೀರಿನ ಜೊತೆಗೇ ಸುರಿಯಿರಿ, ಬೆರಳಿನಿಂದ ಕೊಳವೆಯನ್ನು ಮೆಲ್ಲಗೆ ತಟ್ಟುತ್ತಿರಿ. ಒಣ ಕೊಳವೆಗೆ ಮಣಿ ಸುರಿದು ಆಮೇಲೆ ನೀರು ಬಿಡುವುದು ಬೇಡ. ಮಣಿಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಆ ಗಾಳಿ ಸುಲಭಕ್ಕೆ ಹೋಗುವುದಿಲ್ಲ. ಒಮ್ಮೆ ತುಂಬಿದ ಮೇಲೆ ನೀರಿನ ಮಟ್ಟ ಯಾವತ್ತೂ ಮಣಿಗಳಿಗಿಂತ ಕೆಳಗೆ ಇಳಿಯಬಾರದು.

ಹರಿವಿನ ದಿಕ್ಕು ಕೆಳಗಿನಿಂದ ಮೇಲಕ್ಕೆ ಇರಲಿ. ಗುಳ್ಳೆ ಇದ್ದರೆ ಅದು ಹೇಗೂ ಮೇಲಕ್ಕೇ ಹೋಗುತ್ತದೆ, ಹರಿವು ಅದಕ್ಕೆ ಸಹಾಯ ಮಾಡುತ್ತದೆ. ಇನ್ನೊಂದು ಕಾರಣವೂ ಇದೆ. ಸಕ್ಕರೆ ನೀರು ಭಾರ, ಬರೀ ನೀರು ಹಗುರ. ಭಾರದ ದ್ರವ ಕೆಳಗಿನಿಂದ ಬಂದರೆ ಹಗುರದ್ದನ್ನು ಮಟ್ಟವಾಗಿ ಮೇಲೆ ತಳ್ಳುತ್ತದೆ. ಮೇಲಿನಿಂದ ಬಿಟ್ಟರೆ ಬೆರಳು ಬೆರಳಾಗಿ ಕೆಳಗೆ ನುಗ್ಗುತ್ತದೆ. ಕೊನೆಯಲ್ಲಿ ಬರೀ ನೀರಿನಿಂದ ತೊಳೆಯುವಾಗ ಇದೇ ಕಾರಣಕ್ಕೆ ಮೇಲಿನಿಂದ ಕೆಳಕ್ಕೆ ಬಿಡಿ.

ಪೆರಿಸ್ಟಾಲ್ಟಿಕ್ ಪಂಪ್ ಇಲ್ಲದಿದ್ದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಡ್ರಿಪ್ ಸೆಟ್ ಸಾಕು. ಬಾಟಲಿಯನ್ನು ಕಾಲಂನ ಹೊರದಾರಿಗಿಂತ ಎತ್ತರದಲ್ಲಿ ನೇತುಹಾಕಿ, ಕೊಳವೆಯನ್ನು ತಳಕ್ಕೆ ಜೋಡಿಸಿ. ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ 1 ಮಿ.ಲೀ. ಲೆಕ್ಕ. ನಿಮಿಷಕ್ಕೆ 40 ಹನಿ ಬಿದ್ದರೆ 2 ಮಿ.ಲೀ. ಸಕ್ಕರೆ ನೀರಿನ ಹನಿ ಸ್ವಲ್ಪ ಬೇರೆ ಇರಬಹುದು, ಬಾಟಲಿ ಖಾಲಿಯಾದಂತೆ ವೇಗವೂ ಬದಲಾಗುತ್ತದೆ. ಹಾಗಾಗಿ ಹನಿ ಎಣಿಕೆಯನ್ನೇ ನಂಬಬೇಡಿ. ಹೊರದಾರಿಯಲ್ಲಿ ಅಳತೆ ಸಿಲಿಂಡರ್ ಹಿಡಿದು, ಸ್ಟಾಪ್‌ವಾಚ್ ಇಟ್ಟು, ಗಂಟೆಗೊಮ್ಮೆ ನಿಜವಾದ ಹರಿವನ್ನು ಬರೆದಿಡಿ.

ಹೊರಗೆ ನೀರು ಸುತ್ತುವ ಜಾಕೆಟ್ ಇರುವ ಕಾಲಂ ಸಿಕ್ಕರೆ 50 ಡಿಗ್ರಿಯಲ್ಲಿ ನಡೆಸಿ. ಕ್ರಿಯೆಯ ವೇಗ ಹೆಚ್ಚುತ್ತದೆ, ಬ್ಯಾಕ್ಟೀರಿಯಾ ಬೂಸ್ಟುಗಳ ಕಾಟ ತಗ್ಗುತ್ತದೆ. ಆಗ ಒಳಗೆ ಬಿಡುವ ದ್ರಾವಣವನ್ನೂ ಮೊದಲೇ ಕಾಲಂಗಿಂತ ಒಂದೆರಡು ಡಿಗ್ರಿ ಜಾಸ್ತಿ ಬಿಸಿ ಮಾಡಿ ಸ್ವಲ್ಪ ಹೊತ್ತು ಇಡಿ. ತಣ್ಣನೆಯ ನೀರಿನಲ್ಲಿ ಗಾಳಿ ಹೆಚ್ಚು ಕರಗಿರುತ್ತದೆ. ಅದು ಬಿಸಿ ಬೆಡ್‌ಗೆ ಹೋದರೆ ಗಾಳಿ ಅಲ್ಲೇ ಗುಳ್ಳೆಯಾಗಿ ಹೊರಬರುತ್ತದೆ. ಜಾಕೆಟ್ ಇಲ್ಲದಿದ್ದರೆ ಕೋಣೆಯ ಉಷ್ಣತೆಯಲ್ಲೂ ನಡೆಯುತ್ತದೆ, ಪರಿವರ್ತನೆ (ಒಳಗೆ ಬಿಟ್ಟ ಸಕ್ಕರೆಯಲ್ಲಿ ಒಡೆದ ಪಾಲು) ಕಡಿಮೆ ಅಷ್ಟೇ.

ಸಕ್ಕರೆ ಬಿಡುವ ಮುಂಚೆ ಬಣ್ಣದ ಪರೀಕ್ಷೆ ಮಾಡಿ. ಬ್ಲೂ ಡೆಕ್ಸ್‌ಟ್ರಾನ್ ಒಂದೆರಡು ಮಿ.ಲೀ.ಯನ್ನು ತಳದಿಂದ ಚುಚ್ಚಿ. ಅದರ ಅಣು ದೊಡ್ಡದು, ಮಣಿಯೊಳಗೆ ಹೋಗುವುದಿಲ್ಲ, ಸಂದಿಯಲ್ಲಿ ಮಾತ್ರ ಸಾಗುತ್ತದೆ. ನೀಲಿ ಪಟ್ಟೆ ಮಟ್ಟವಾಗಿ ಏರಿದರೆ ಬೆಡ್ ಚೆನ್ನಾಗಿ ಕೂತಿದೆ. ಒಂದು ಪಕ್ಕದಲ್ಲಿ ಬಾಣದಂತೆ ಮುಂದೆ ಓಡಿದರೆ ಅಲ್ಲಿ ಕಾಲುವೆ ಬಿದ್ದಿದೆ, ಬಿಚ್ಚಿ ಮತ್ತೆ ತುಂಬಿ. ಪಟ್ಟೆ ಹೊರಬರಲು 28 ನಿಮಿಷದ ಹತ್ತಿರ ಹಿಡಿಯಬೇಕು. ತುಂಬ ಬೇಗ ಬಂದರೆ ಅದೂ ಕಾಲುವೆಯ ಗುರುತೇ. ಕಪಾಟಿನಲ್ಲಿ ಮೆಥಿಲೀನ್ ಬ್ಲೂ ಇದೆ ಎಂದು ಅದನ್ನು ಬಳಸಬೇಡಿ. ಅದರದ್ದು ಧನ ವಿದ್ಯುದಂಶ, ಆಲ್ಜಿನೇಟ್‌ನದ್ದು ಋಣ. ಬಣ್ಣ ಮಣಿಗೇ ಅಂಟಿಕೊಂಡುಬಿಡುತ್ತದೆ.

ಅಳತೆ

ಸಕ್ಕರೆ ನೀರು ಬಿಟ್ಟ ತಕ್ಷಣ ಬಂದ ದ್ರವವನ್ನು ಅಳೆದು ಪ್ರಯೋಜನವಿಲ್ಲ. ಸಂದಿಯಲ್ಲಿರುವ ನೀರು ಹೊರಗೆ ಹೋಗಬೇಕು, ಮಣಿಗಳ ಒಳಗೂ ಸಕ್ಕರೆ ತುಂಬಬೇಕು. ಖಾಲಿ ಕೊಳವೆಯ ಕಾಲದ ಮೂರು ಪಟ್ಟು, ಅಂದರೆ ಸುಮಾರು ಮೂರೂವರೆ ಗಂಟೆ ಬಿಡಿ. ಅರ್ಧ ಗಂಟೆ ಅಂತರದ ಮೂರು ಮಾದರಿಗಳಲ್ಲಿ ಒಂದೇ ಫಲಿತಾಂಶ ಬಂದರೆ ಕಾಲಂ ಸ್ಥಿರವಾಗಿದೆ ಎಂದರ್ಥ. ಹರಿವು ಬದಲಿಸಿದಾಗಲೆಲ್ಲ ಹೀಗೇ ಕಾಯಬೇಕು.

ಅಳೆಯಲು ಡಿಎನ್‌ಎಸ್ (ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲ) ವಿಧಾನ ಸಾಕು. ಸಕ್ಕರೆ ಡಿಎನ್‌ಎಸ್ ಜೊತೆ ಬಣ್ಣ ಕೊಡುವುದಿಲ್ಲ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೊಡುತ್ತವೆ. ಮಾದರಿಯನ್ನು 100 ಪಟ್ಟು ತೆಳು ಮಾಡಿ, ಡಿಎನ್‌ಎಸ್ ಸೇರಿಸಿ, ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು, ತಣಿಸಿ 540 ನ್ಯಾನೋಮೀಟರ್‌ನಲ್ಲಿ ಓದಿ. ಗ್ಲೌಸ್ ಮತ್ತು ಕನ್ನಡಕ ಹಾಕಿಕೊಳ್ಳಿ. ಆ ದ್ರಾವಣದಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ, ಎಷ್ಟೋ ಕಡೆ ಫೀನಾಲ್ ಕೂಡ ಇರುತ್ತದೆ. ದ್ರಾವಣ ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂದು ಅಳೆಯುವ ಪೋಲಾರಿಮೀಟರ್ ಇದ್ದರೆ ಇನ್ನೂ ಸುಲಭ. ಸಕ್ಕರೆಯ ನಿರ್ದಿಷ್ಟ ಆವರ್ತನ +66.5, ಪೂರ್ತಿ ಒಡೆದ ಮೇಲೆ ಸುಮಾರು −20. ಓದು ಬಲದಿಂದ ಎಡಕ್ಕೆ ತಿರುಗುವುದನ್ನು ಕಣ್ಣಾರೆ ನೋಡಬಹುದು. ಎರಡೂ ಇಲ್ಲದ ಕಡೆ ಮನೆಯ ಗ್ಲುಕೋಮೀಟರ್‌ನಲ್ಲಿ ಹತ್ತು ಪಟ್ಟು ತೆಳು ಮಾಡಿದ ಮಾದರಿ ನೋಡಬಹುದು. ಅದು ರಕ್ತಕ್ಕೆಂದು ಮಾಡಿದ ಉಪಕರಣ. ಹೆಚ್ಚು ಕಡಿಮೆ ತಿಳಿಯಲು ಮಾತ್ರ ಅದು ಸರಿ, ವರದಿಯಲ್ಲಿ ಬರೆಯುವ ಅಂಕಿಗೆ ಅಲ್ಲ.

ಲೆಕ್ಕ ಹೀಗೆ. ಸಕ್ಕರೆ ಒಡೆಯುವಾಗ ಒಂದು ನೀರಿನ ಅಣು ಸೇರುತ್ತದೆ. ಹಾಗಾಗಿ 342 ಗ್ರಾಂ ಸಕ್ಕರೆಯಿಂದ 360 ಗ್ರಾಂ ಉತ್ಪನ್ನ ಬರುತ್ತದೆ. ಲೀಟರಿಗೆ 50 ಗ್ರಾಂ ಪೂರ್ತಿ ಒಡೆದರೆ 52.6 ಗ್ರಾಂ. ಉದಾಹರಣೆಗೆ ಹೊರಬಂದದ್ದು 42 ಗ್ರಾಂ, ಒಳಗೆ ಬಿಡುವ ದ್ರಾವಣದಲ್ಲೇ 0.5 ಗ್ರಾಂ ಇತ್ತು ಅಂದುಕೊಳ್ಳಿ. 41.5 ಭಾಗಿಸು 52.6, ಅಂದರೆ ಶೇ. 79 ಪರಿವರ್ತನೆ. ನಿಮಿಷಕ್ಕೆ 2 ಮಿ.ಲೀ. ಹರಿವಿನಲ್ಲಿ ಇದು ಗಂಟೆಗೆ ಸುಮಾರು 5 ಗ್ರಾಂ ಉತ್ಪನ್ನ. ಬೆಡ್‌ನ ಒಂದು ಲೀಟರಿಗೆ ಗಂಟೆಗೆ 35 ಗ್ರಾಂ.

ಮೊದಲ ದಿನವೇ ಸೋರಿಕೆ ಪರೀಕ್ಷೆ ಮಾಡಿ. ಹೊರಬಂದ ದ್ರವದ ಮಾದರಿ ತೆಗೆದು ಎರಡು ಭಾಗ ಮಾಡಿ. ಒಂದನ್ನು ತಕ್ಷಣ ಅಳೆಯಿರಿ, ಇನ್ನೊಂದನ್ನು ಅದೇ ಉಷ್ಣತೆಯಲ್ಲಿ ಒಂದು ಗಂಟೆ ಇಟ್ಟು ಅಳೆಯಿರಿ. ಎರಡನೆಯದು ಏರಿದ್ದರೆ ಕಿಣ್ವವೋ ಜೀವಕೋಶವೋ ಮಣಿಯಿಂದ ಹೊರಬರುತ್ತಿದೆ. ಆಗ ನೀವು ಅಳೆದ ಪರಿವರ್ತನೆ ಪೂರ್ತಿ ಬೆಡ್‌ನದ್ದಲ್ಲ. ಯೀಸ್ಟ್ ಇಲ್ಲದ ಮಣಿಗಳನ್ನೂ ಒಂದು ಸಣ್ಣ ಕೊಳವೆಯಲ್ಲಿ ತುಂಬಿ ಇದೇ ದ್ರಾವಣ ಹರಿಸಿ ನೋಡಿ. ಅಲ್ಲಿ ಏನೂ ಒಡೆಯಬಾರದು.

ಅಂಕಿಗಳು ಏನು ಹೇಳುತ್ತವೆ

ಹರಿವನ್ನು ನಿಮಿಷಕ್ಕೆ 1, 2, 4, 8 ಮಿ.ಲೀ. ಎಂದು ಬದಲಿಸಿ ಪರಿವರ್ತನೆ ನೋಡಿ. ಹರಿವು ಹೆಚ್ಚಿದಂತೆ ಪರಿವರ್ತನೆ ಇಳಿಯುತ್ತದೆ, ಗಂಟೆಗೆ ಸಿಗುವ ಒಟ್ಟು ಉತ್ಪನ್ನ ಏರುತ್ತದೆ. ಎಲ್ಲಿ ನಡೆಸಬೇಕು ಎನ್ನುವುದು ಉಳಿದ ಸಕ್ಕರೆಯನ್ನು ಬೇರ್ಪಡಿಸುವ ಖರ್ಚಿನ ಮೇಲೆ ನಿಂತಿದೆ. ಎಲ್ಲರೂ ಶೇ. 99 ಕಡೆಗೇ ಓಡಬೇಕಿಲ್ಲ. ಕೊನೆಯ ಕೆಲವು ಶೇಕಡಾಕ್ಕಾಗಿ ಬೆಡ್‌ನ ದೊಡ್ಡ ಭಾಗ ಖರ್ಚಾಗುತ್ತದೆ, ಏಕೆಂದರೆ ಮೇಲ್ತುದಿಯಲ್ಲಿ ಒಡೆಯಲು ಸಕ್ಕರೆಯೇ ಕಡಿಮೆ ಉಳಿದಿರುತ್ತದೆ.

ಕಿಣ್ವದ ಗುಣ ತಿಳಿಯಲು ಇನ್ನೊಂದು ಚೆಂದದ ವಿಧಾನ ಇದೆ. 1966ರಲ್ಲಿ ಲಿಲ್ಲಿ, ಹಾರ್ನ್‌ಬಿ ಮತ್ತು ಕ್ರುಕ್ ತೋರಿಸಿದ್ದು. ಹರಿವನ್ನು ಒಂದೇ ವೇಗದಲ್ಲಿಟ್ಟು ಸಕ್ಕರೆಯ ಸಾಂದ್ರತೆ ಮಾತ್ರ ಬದಲಿಸಿ: ಶೇ. 1, 2, 3.5, 5. ಪ್ರತಿ ಸಲ ಒಡೆದ ಸಕ್ಕರೆಯನ್ನು ಮಿಲಿಮೋಲಾರ್‌ನಲ್ಲಿ ಲಂಬ ಅಕ್ಷಕ್ಕೆ ಹಾಕಿ. ಒಂದರಿಂದ ಪರಿವರ್ತನೆಯನ್ನು ಕಳೆದು, ಉಳಿದದ್ದರ ಸಹಜ ಲಾಗರಿದಮ್ ಅಡ್ಡ ಅಕ್ಷಕ್ಕೆ. ನೇರ ಗೆರೆ ಬರಬೇಕು. ಅದರ ಇಳಿಜಾರೇ ಆ ಕಾಲಂನ ಮೈಕೇಲಿಸ್ ಸ್ಥಿರಾಂಕ, ಅಂದರೆ ಕಿಣ್ವ ತನ್ನ ಗರಿಷ್ಠ ವೇಗದ ಅರ್ಧದಲ್ಲಿ ಕೆಲಸ ಮಾಡುವಾಗಿನ ಸಕ್ಕರೆಯ ಸಾಂದ್ರತೆ. ಬಿಡಿ ಯೀಸ್ಟ್ ಇನ್ವರ್ಟೇಸ್‌ಗೆ ಅದು ಸುಮಾರು 25 ಮಿಲಿಮೋಲಾರ್. ನಿಮ್ಮದು ಅದಕ್ಕಿಂತ ಬಹಳ ಜಾಸ್ತಿ ಬಂದರೆ ಕಿಣ್ವ ಕೆಟ್ಟಿದೆ ಎಂದಲ್ಲ. ಸಕ್ಕರೆ ಕಿಣ್ವದ ಹತ್ತಿರ ತಲುಪುವುದರಲ್ಲೇ ತಡವಾಗುತ್ತಿದೆ.

ತಡ ಎಲ್ಲಿ ಎಂದು ಹುಡುಕಲು ಎರಡು ಸರಳ ಪರೀಕ್ಷೆ. ಮಣಿಯ ಸುತ್ತ ನಿಂತ ದ್ರವದ ಪದರದಲ್ಲಿ ತಡೆ ಇದೆಯೇ? ಬೆಡ್ ಎತ್ತರವನ್ನೂ ಹರಿವನ್ನೂ ಎರಡು ಪಟ್ಟು ಮಾಡಿ. ದ್ರವ ಒಳಗಿರುವ ಕಾಲ ಅಷ್ಟೇ ಇರುತ್ತದೆ, ವೇಗ ಮಾತ್ರ ಹೆಚ್ಚುತ್ತದೆ. ಪರಿವರ್ತನೆ ಏರಿದರೆ ತಡೆ ಪದರದಲ್ಲಿದೆ. ಮಣಿಯ ಒಳಗೆ ತಡೆ ಇದೆಯೇ? ಉಳಿಸಿಟ್ಟ ಮಣಿಗಳಲ್ಲಿ 10 ಮಿ.ಲೀ. ಹಾಗೇ, 10 ಮಿ.ಲೀ. ನಾಲ್ಕು ತುಂಡು ಮಾಡಿ, ಎರಡು ಫ್ಲಾಸ್ಕ್‌ಗಳಲ್ಲಿ ಒಂದೇ ರೀತಿ ಅಲ್ಲಾಡಿಸಿ. ತುಂಡುಗಳು ಜೋರಾಗಿ ಕೆಲಸ ಮಾಡಿದರೆ ಪೂರ್ತಿ ಮಣಿಯ ನಡುಭಾಗಕ್ಕೆ ಸಕ್ಕರೆ ತಲುಪುತ್ತಿಲ್ಲ. ಮುಂದಿನ ಸಲ ಮಣಿ ಚಿಕ್ಕದು ಮಾಡಿ, ಇಲ್ಲವೇ ಯೀಸ್ಟ್ ಕಡಿಮೆ ಹಾಕಿ. ಹೆಚ್ಚು ಯೀಸ್ಟ್ ತುಂಬಿದರೆ ಹೆಚ್ಚು ಕೆಲಸ ಎಂದು ಹಲವರು ತಿಳಿಯುತ್ತಾರೆ. ಒಂದು ಮಟ್ಟದ ಮೇಲೆ ನಡುಭಾಗದ ಯೀಸ್ಟ್ ಸುಮ್ನೆ ಕೂತಿರುತ್ತದೆ.

ಎಷ್ಟು ದಿನ ಬಾಳುತ್ತದೆ

ಇಲ್ಲಿ ಒಂದು ಮೋಸ ಇದೆ, ದೊಡ್ಡ ವರದಿಗಳಲ್ಲೂ ನುಸುಳುತ್ತದೆ. ಕಾಲಂ ನಿಧಾನ ಹರಿವಿನಲ್ಲಿ ಶೇ. 99 ಪರಿವರ್ತನೆ ಕೊಡುತ್ತಿದೆ ಅಂದುಕೊಳ್ಳಿ. ಅರ್ಧ ಕಿಣ್ವ ಸತ್ತರೂ ಉಳಿದ ಅರ್ಧ ಆ ಕೆಲಸವನ್ನು ಬಹುಮಟ್ಟಿಗೆ ಮುಗಿಸಬಹುದು. ಹೊರಗಿನ ಅಂಕಿ ವಾರಗಟ್ಟಲೆ ಅಲ್ಲಾಡುವುದಿಲ್ಲ, ಎಷ್ಟು ಗಟ್ಟಿ ಕಾಲಂ ಅನ್ನಿಸುತ್ತದೆ. ಆಮೇಲೆ ಒಮ್ಮೆಗೇ ಇಳಿಯುತ್ತದೆ. ಬಾಳಿಕೆ ಅಳೆಯುವುದಿದ್ದರೆ ಹರಿವು ಹೆಚ್ಚಿಸಿ ಪರಿವರ್ತನೆ ಶೇ. 50–70ರ ನಡುವೆ ಇರುವಂತೆ ನೋಡಿಕೊಳ್ಳಿ. ಆಗ ಕಿಣ್ವದ ಸಣ್ಣ ನಷ್ಟವೂ ಹೊರಗೆ ಕಾಣುತ್ತದೆ.

ಫ್ರಕ್ಟೋಸ್ ಕಾರ್ಖಾನೆಗಳು ಇದನ್ನು ಜಾಣತನದಿಂದ ನಿಭಾಯಿಸುತ್ತವೆ. ಅವರಿಗೆ ಬೇಕಾದ್ದು ಶೇ. 42 ಫ್ರಕ್ಟೋಸ್ ಇರುವ ಸಿರಪ್. ಕಿಣ್ವ ದುರ್ಬಲವಾದಂತೆ ಹರಿವನ್ನು ನಿಧಾನವಾಗಿ ತಗ್ಗಿಸುತ್ತಾರೆ, ಪರಿವರ್ತನೆ ಬದಲಾಗುವುದಿಲ್ಲ. ಬೇರೆ ಬೇರೆ ವಯಸ್ಸಿನ ಹಲವು ಕಾಲಂಗಳನ್ನು ಅಕ್ಕಪಕ್ಕ ಓಡಿಸುವುದರಿಂದ ಒಟ್ಟು ಉತ್ಪಾದನೆಯೂ ಏರುಪೇರಾಗುವುದಿಲ್ಲ. ಎರಡು ಮೂರು ಅರ್ಧಾಯುಷ್ಯ (ಕಿಣ್ವದ ಚಟುವಟಿಕೆ ಅರ್ಧಕ್ಕೆ ಇಳಿಯುವ ಕಾಲ) ಕಳೆದ ಮೇಲೆ ಕಿಣ್ವ ಬದಲಿಸುತ್ತಾರೆ.

ತೊಂದರೆ ಬಂದಾಗ

ಪರಿವರ್ತನೆ ಒಂದೇ ಗಂಟೆಯಲ್ಲಿ ಇಳಿದರೆ ಕಿಣ್ವವನ್ನು ಬೈಯಬೇಡಿ. ಮೊದಲು ಹರಿವು ಅಳೆಯಿರಿ, ಆಮೇಲೆ ಬೆಡ್‌ನಲ್ಲಿ ಗುಳ್ಳೆಯೋ ಬಿರುಕೋ ಇದೆಯೇ ನೋಡಿ. ಕಿಣ್ವ ಹಾಳಾಗುವುದು ಮೆಲ್ಲಮೆಲ್ಲಗೆ. ಉಷ್ಣತೆ ಕೈ ಮೀರಿದಾಗ, ಪಿಎಚ್ ತೀರಾ ಬದಲಾದಾಗ ಮಾತ್ರ ಅದು ಥಟ್ಟನೆ ಸಾಯುತ್ತದೆ.

ಹೊರಬರುವ ದ್ರವದ ಪಿಎಚ್ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ, ಕೊಳವೆ ಒಳಗೆ ಲೋಳೆ ಕಟ್ಟಿದ್ದರೆ, ಬ್ಯಾಕ್ಟೀರಿಯಾ ಸೇರಿವೆ. ಅವು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಒಳಗೆ ಹೋದ ಸಕ್ಕರೆಗೂ ಹೊರಗೆ ಬಂದ ಒಟ್ಟು ಸಕ್ಕರೆಗೂ ತಾಳೆ ನೋಡಿದರೆ ಗೊತ್ತಾಗುತ್ತದೆ. ಆ ಬೆಡ್ಡನ್ನು ಉಳಿಸುವ ಆಸೆ ಬಿಡಿ. ಮಣಿ ಎಸೆದು, ಕೊಳವೆ ತೊಳೆದು, ಹೊಸದಾಗಿ ತುಂಬಿ. ಹೊರಬರುವ ದ್ರವ ಹಾಲಿನಂತೆ ಮಬ್ಬಾದರೆ ಯೀಸ್ಟ್ ಸೋರುತ್ತಿದೆ. ಮಣಿ ಊದಿ ಮೆತ್ತಗಾಗಿದ್ದರೆ ದ್ರಾವಣದಲ್ಲಿ ಕ್ಯಾಲ್ಸಿಯಂ ಹಾಕಿದ್ದೀರಾ, ಬಫರ್ ಯಾವುದು, ಇನ್ನೊಮ್ಮೆ ನೋಡಿ.

ಎಲ್ಲದಕ್ಕೂ ಈ ರಿಯಾಕ್ಟರ್ ಬೇಡ

ಜೀವಂತ ಯೀಸ್ಟ್‌ನಿಂದ ಆಲ್ಕೋಹಾಲ್ ಮಾಡುವುದಿದ್ದರೆ ಗುಳ್ಳೆಗಳೇ ಬೆಡ್ಡನ್ನು ಕೆಡಿಸುತ್ತವೆ. ಅಲ್ಲಿ ಮಣಿಗಳು ಅಲುಗಾಡುವ ಫ್ಲೂಯಿಡೈಸ್ಡ್ ಬೆಡ್ ವಾಸಿ. ಪೆನಿಸಿಲಿನ್ ಒಡೆಯುವ ಪೆನಿಸಿಲಿನ್ ಅಸೈಲೇಸ್ ಕಿಣ್ವ ಕೆಲಸ ಮಾಡುವಾಗ ಆಮ್ಲ ಹುಟ್ಟುತ್ತದೆ. ಉದ್ದನೆಯ ಬೆಡ್‌ನಲ್ಲಿ ಕೆಳಗೊಂದು ಪಿಎಚ್, ಮೇಲೊಂದು ಪಿಎಚ್ ಆಗುತ್ತದೆ, ನಡುವೆ ಕ್ಷಾರ ಸೇರಿಸಲು ದಾರಿಯಿಲ್ಲ. ಅದಕ್ಕೆ ಕಲಕುವ ತೊಟ್ಟಿ, ಅಥವಾ ಗಿಡ್ಡ ಬೆಡ್ ಮೂಲಕ ದ್ರವವನ್ನು ಮತ್ತೆ ಮತ್ತೆ ಸುತ್ತಿಸಿ ಹೊರಗೆ ಪಿಎಚ್ ಸರಿಮಾಡುವ ವ್ಯವಸ್ಥೆ ಬೇಕು. ಸಕ್ಕರೆಯೇ ಜಾಸ್ತಿಯಾಗಿ ಕಿಣ್ವವನ್ನು ತಡೆಯುವಷ್ಟು ಗಟ್ಟಿ ಪಾಕ ಇದ್ದಾಗಲೂ ಕಲಕುವ ತೊಟ್ಟಿಯೇ ಒಳ್ಳೆಯದು, ಏಕೆಂದರೆ ಅದರಲ್ಲಿ ಸಕ್ಕರೆ ಯಾವಾಗಲೂ ಹೊರಬರುವ ಮಟ್ಟದಲ್ಲೇ ಇರುತ್ತದೆ.

ಹಾಲಿನ ಲ್ಯಾಕ್ಟೋಸ್ ಒಡೆಯುವ ಕಾಲಂ ಮಾಡೋಣ ಎಂದು ಈ ಪ್ರಯೋಗದ ನಂತರ ಹಲವರಿಗೆ ಆಸೆಯಾಗುತ್ತದೆ. ಇದೇ ಮಣಿಯಲ್ಲಿ ಅದು ನಡೆಯುವುದಿಲ್ಲ. ಶುದ್ಧ ಲ್ಯಾಕ್ಟೇಸ್ ಕಿಣ್ವ ಆಲ್ಜಿನೇಟ್‌ನ ರಂಧ್ರಗಳಿಂದ ಸೋರಿ ಹೋಗುತ್ತದೆ. ಅದನ್ನು ಗ್ಲುಟರಾಲ್ಡಿಹೈಡ್‌ನಂಥದ್ದರಿಂದ ಒಂದಕ್ಕೊಂದು ಬೆಸೆಯಬೇಕು, ಇಲ್ಲವೇ ಗಟ್ಟಿ ಕಣಕ್ಕೆ ಕಟ್ಟಬೇಕು. ಹಾಲಿನಲ್ಲಿ ಸಿಟ್ರೇಟ್, ಫಾಸ್ಫೇಟ್ ಎರಡೂ ಇವೆ, ಕೊಬ್ಬು ಮತ್ತು ಕೇಸಿನ್ ಬೆಡ್ ಮುಚ್ಚುತ್ತವೆ. ಬಫರ್‌ನಲ್ಲಿ ಕರಗಿಸಿದ ಬರೀ ಲ್ಯಾಕ್ಟೋಸ್‌ನಿಂದ ಶುರು ಮಾಡಿ.

ಪ್ರಯೋಗ ಮುಗಿದ ಮೇಲೆ ಚೆನ್ನಾಗಿರುವ ಮಣಿಗಳನ್ನು 0.05 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ 4 ಡಿಗ್ರಿಯಲ್ಲಿಡಿ. ಮತ್ತೆ ಬಳಸುವ ಮುಂಚೆ ಫ್ಲಾಸ್ಕ್‌ನಲ್ಲಿ ಸ್ವಲ್ಪ ಮಣಿಯ ಚಟುವಟಿಕೆ ನೋಡಿ. ಹೊರಬಂದ ಸಿಹಿ ನೀರನ್ನು ಯಾರೂ ಕುಡಿಯಬಾರದು, ಅದರಲ್ಲಿ ಪ್ರಯೋಗಾಲಯದ ರಾಸಾಯನಿಕಗಳಿವೆ. ಮಣಿಗಳನ್ನು ಸಿಂಕ್‌ಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ಜಾಲರಿಯಲ್ಲಿ ಸಿಕ್ಕಿಕೊಂಡ ತುಂಡುಗಳಿದ್ದರೆ ಅದನ್ನು ಸೋಡಿಯಂ ಸಿಟ್ರೇಟ್ ದ್ರಾವಣದಲ್ಲಿ ಒಂದು ಗಂಟೆ ನೆನೆಸಿ. ಇಷ್ಟು ಹೊತ್ತು ದೂರ ಇಟ್ಟಿದ್ದ ಸಿಟ್ರೇಟ್ ಈ ಕೆಲಸಕ್ಕೆ ಸರಿಯಾಗಿ ಒದಗುತ್ತದೆ.